ಬೆನ್ನಿಗೆ ಬೆನ್ನು ಅಂಟಿದ ಕಾರ್ಡು

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ, ಮೊಳಕಾಲ್ಮೂರು ರೇಷ್ಮೆ ಸೀರೆಗಳ ವ್ಯಾಪಾರ ಮಾಡುವ ಒಬ್ಬ ಹೆಣ್ಣುಮಗಳು ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಮ್ಮ ಮುದ್ರಣಾಲಯಕ್ಕೆ ಬಂದು, ಕೈಚೀಲದಿಂದ ಒಂದು ವಿಸಿಟಿಂಗ್ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು. ಬೆಂಗಳೂರಿನ ಯಾವುದೋ ಪ್ರದರ್ಶನದಲ್ಲಿ ಅವರಿಗೆ ಸಿಕ್ಕಿದ್ದ ಕಾರ್ಡು ಅದು. ಒಂದು ಬದಿ ಬಿಡಿಸಿದ ಹತ್ತಿಯ ಬಿಳುಪು, ಇನ್ನೊಂದು ಬದಿ ಗಾಢವಾದ ನೀಲಿ. ಅಂಚಿನಿಂದ ನೋಡಿದರೆ ಎರಡು ಬಣ್ಣಗಳೂ ಸಮಪಾಲಾಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ಬಿಳಿಯ ಬದಿಯ ಅಕ್ಷರಗಳು ಕಾಗದದೊಳಕ್ಕೆ ಇಳಿದಿದ್ದು, ಕಣ್ಣು ಮುಚ್ಚಿ ಬೆರಳಾಡಿಸಿದರೂ ಸಾಲು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದು ತಿಳಿಯುತ್ತಿತ್ತು. ಆದರೆ ಹಿಂಬದಿಯಲ್ಲಿ ಆ ಒತ್ತಿನ ಸುಳಿವೇ ಇರಲಿಲ್ಲ. "ಅಣ್ಣಾ, ನನಗೆ ಇಂಥವು ಐನೂರು ಬೇಕು. ಒಂದು ಕಡೆ ಕುಂಕುಮದ ಬಣ್ಣ ಇರಲಿ, ಅದರ ಮೇಲೆ ನಮ್ಮ ಸೀರೆ ಅಂಚಿನ ಚಿತ್ತಾರ ಶಾಯಿ ಇಲ್ಲದೆ ಬರೀ ಒತ್ತಿನಲ್ಲೇ ಬರಬೇಕು" ಎಂದರು.

ನಾನು ಒಪ್ಪಿಕೊಂಡೆ. ಅಕ್ಷರವನ್ನು ಕಾಗದಕ್ಕೆ ಒತ್ತುವ ಲೆಟರ್‌ಪ್ರೆಸ್ ಕೆಲಸವೇ ನಮ್ಮ ಮನೆಗೆ ಎರಡು ತಲೆಮಾರು ಅನ್ನ ಹಾಕಿದ್ದು. ಹಾಗಾಗಿ ಆ ಕಾರ್ಡನ್ನು ಕೈಯಲ್ಲಿ ಹಿಡಿದು 'ಆಗುವುದಿಲ್ಲ' ಎನ್ನಲು ನನಗೆ ಮನಸ್ಸು ಬರಲಿಲ್ಲ. ತಂದೆಯವರ ಕಾಲದ ಟ್ರೆಡಲ್ ಯಂತ್ರ ಈಗಲೂ ಹಿಂದಿನ ಕೋಣೆಯಲ್ಲಿದೆ. ಆದರೆ ಮೊಳೆ, ಅಂದರೆ ಸೀಸದ ಬಿಡಿ ಅಕ್ಷರಗಳನ್ನು, ಜೋಡಿಸುವ ಕೇಸುಗಳು ಹೋಗಿ ಎಷ್ಟೋ ವರ್ಷಗಳಾದವು. ಈಗ ಆ ಯಂತ್ರ ಬಿಲ್ ಬುಕ್ಕುಗಳಿಗೆ ನಂಬರ್ ಹಾಕುತ್ತದೆ, ರಸೀದಿ ಹರಿಯುವ ಕಡೆ ಸಾಲುತೂತು ಹೊಡೆಯುತ್ತದೆ, ದಪ್ಪ ಲಗ್ನಪತ್ರಿಕೆಗಳಿಗೆ ಮಡಿಕೆಯ ಗೆರೆ ಒತ್ತುತ್ತದೆ. ದಪ್ಪ ಹತ್ತಿ ಕಾಗದದೊಳಕ್ಕೆ ಅಕ್ಷರವನ್ನು ಐನೂರು ಬಾರಿ ಒಂದೇ ಆಳಕ್ಕೆ ಇಳಿಸುವ ಶಕ್ತಿ ಅದರ ಸವೆದ ಬೇರಿಂಗುಗಳಿಗೆ ಉಳಿದಿಲ್ಲ. ಕೆಲಸವನ್ನು ಹೊರಗೆ ಕೊಡುವುದು ಅನಿವಾರ್ಯವಾಗಿತ್ತು, ಮತ್ತು ಆ ವಿಷಯವನ್ನು ಅವರಿಗೆ ಅಂದೇ ಹೇಳಿದೆ.

ನಮ್ಮಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿದ ಹಳೆಯ ಕಂಪೋಸಿಟರ್ ಒಬ್ಬರು ಈಗಲೂ ಸಂಜೆಯ ಹೊತ್ತು ಬಂದು ಕುಳಿತು ಹೋಗುತ್ತಾರೆ. ಆ ಕಾರ್ಡನ್ನು ಅವರ ಕೈಗೆ ಕೊಟ್ಟಾಗ ಅವರು ಬಹಳ ಹೊತ್ತು ತಿರುಗಿಸಿ ನೋಡಿ, "ಹಿಂದೆ ಹೀಗೆ ಒತ್ತು ಬಿದ್ದರೆ ನಿಮ್ಮಪ್ಪ ಬೈತಿದ್ದರು ಕಣಪ್ಪಾ" ಎಂದರು. ಅದು ನಿಜ. ಸೀಸದ ಮೊಳೆಯ ಕಾಲದಲ್ಲಿ ಅಕ್ಷರ ಕಾಗದವನ್ನು ಮುಟ್ಟಿಯೂ ಮುಟ್ಟದಂತೆ ಶಾಯಿಯನ್ನಷ್ಟೇ ಬಿಟ್ಟು ಬರುವುದು ಒಳ್ಳೆಯ ಮುದ್ರಣದ ಲಕ್ಷಣವಾಗಿತ್ತು. ಒತ್ತು ಹೆಚ್ಚಾದರೆ ಮೊಳೆ ಸವೆಯುತ್ತಿತ್ತು, ಹಾಳೆಯ ಹಿಂದೆ ಅಕ್ಷರಗಳು ಉಬ್ಬಿ ಎರಡನೆಯ ಪುಟ ಕೆಡುತ್ತಿತ್ತು. ಆ ದಿನಗಳಲ್ಲಿ ದೋಷವಾಗಿದ್ದ ಆಳವನ್ನೇ ಇಂದು ಜನ ಹಣ ಕೊಟ್ಟು ಕೇಳುತ್ತಾರೆ. ಸೀಸದ ಮೊಳೆಯ ಜಾಗಕ್ಕೆ ಫೋಟೋಪಾಲಿಮರ್ ಫಲಕ ಬಂದಿರುವುದರಿಂದ ಅದು ಸಾಧ್ಯವೂ ಆಗಿದೆ: ನೆಗೆಟಿವ್ ಫಿಲ್ಮಿನ ಮೂಲಕ ನೇರಳಾತೀತ ಬೆಳಕು ಬಿದ್ದ ಭಾಗ ಗಟ್ಟಿಯಾಗಿ ಉಳಿಯುತ್ತದೆ, ಉಳಿದದ್ದು ನೀರಿನಲ್ಲಿ ತೊಳೆದು ಹೋಗುತ್ತದೆ. ಆ ಫಲಕವನ್ನು ಲೋಹದ ಹಾಸಿನ ಮೇಲೆ ಅಂಟಿಸಿದಾಗ ಎರಡೂ ಸೇರಿ ಹಳೆಯ ಸೀಸದ ಮೊಳೆಯಷ್ಟೇ ಎತ್ತರಕ್ಕೆ, ಅಂದರೆ 0.918 ಅಂಗುಲಕ್ಕೆ, ಬರಬೇಕು. ಸವೆದರೆ ಇನ್ನೊಂದು ಫಲಕ ಮಾಡಿಸಿಕೊಳ್ಳಬಹುದಾದ್ದರಿಂದ ಒತ್ತಲು ಯಾರೂ ಹೆದರಬೇಕಾಗಿಲ್ಲ.

ಆದರೆ ಆಳಕ್ಕೆ ಒತ್ತಿದರೆ ಹಿಂಬದಿ ಉಬ್ಬುತ್ತದೆ ಎಂಬ ಹಳೆಯ ತೊಂದರೆ ಹಾಗೆಯೇ ಉಳಿದಿದೆ. ಎರಡೂ ಬದಿಗೆ ಆಳವಾದ ಒತ್ತು ಬೇಕೆಂದರೆ ಒಂದೇ ಹಾಳೆ ಸಾಲದು. 300 ಜಿಎಸ್ಎಂನ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ, ಎರಡು ಹತ್ತಿ ಕಾಗದಗಳನ್ನು ಬೇರೆ ಬೇರೆಯಾಗಿ ಒತ್ತಿ, ಆಮೇಲೆ ಬೆನ್ನಿಗೆ ಬೆನ್ನು ಕೂಡಿಸಿ ಅಂಟಿಸಿದರೆ 600 ಜಿಎಸ್ಎಂನ, ಸುಮಾರು ಒಂದು ಮಿಲಿಮೀಟರ್ ದಪ್ಪದ ಕಾರ್ಡು ಆಗುತ್ತದೆ. ಉಬ್ಬಿದ ಬೆನ್ನುಗಳೆರಡೂ ಅಂಟಿನೊಳಗೆ ಮುಚ್ಚಿಹೋಗುತ್ತವೆ. ಎರಡು ಬಣ್ಣದ ಕಾಗದಗಳನ್ನು ಕೂಡಿಸಲು ಬರುವುದು ಅದರ ಇನ್ನೊಂದು ಲಾಭ. ಇದನ್ನೇ ಡ್ಯೂಪ್ಲೆಕ್ಸ್ ಮಾಡುವುದು ಎನ್ನುತ್ತಾರೆ.

ತೊಂದರೆ ಶುರುವಾಗುವುದು ಈ ಪದದಿಂದಲೇ. ನಮ್ಮ ಮಂಡಿಪೇಟೆಯ ಕಾಗದದಂಗಡಿಯಲ್ಲಿ ಡ್ಯೂಪ್ಲೆಕ್ಸ್ ಎಂದರೆ ಒಂದು ಬದಿ ಬಿಳಿ, ಇನ್ನೊಂದು ಬದಿ ಬೂದು ಬಣ್ಣವಿರುವ ಡಬ್ಬಿಯ ರಟ್ಟು. ಸಿಹಿ ತಿಂಡಿಯ ಡಬ್ಬಿಗಳು, ಸೀರೆಯ ಪೆಟ್ಟಿಗೆಗಳು ಆಗುವುದು ಅದರಿಂದ. ಜೆರಾಕ್ಸ್ ಅಂಗಡಿಯಲ್ಲಿ ಡ್ಯೂಪ್ಲೆಕ್ಸ್ ಎಂದರೆ ಒಂದೇ ಹಾಳೆಯ ಎರಡೂ ಕಡೆ ಮುದ್ರಿಸುವುದು. ಲೆಟರ್‌ಪ್ರೆಸ್ ಕೆಲಸದವರಿಗೆ ಮಾತ್ರ ಅದು ಎರಡು ಹಾಳೆ ಅಂಟಿಸುವುದು. ಹೀಗೆ ಮೂರು ಅರ್ಥವಿರುವ ಪದವನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಬರೆದರೆ ಮೂರೂ ಬಗೆಯವರು ಎದುರಿಗೆ ಬಂದು 'ನಾವು ಮಾಡುತ್ತೇವೆ' ಎನ್ನುತ್ತಾರೆ, ಮತ್ತು ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ನಾನು ಆರಿಸಿಕೊಂಡ ಮೊದಲ ಮುದ್ರಕರನ್ನು ಶಿಫಾರಸುಗಳನ್ನು ನಂಬಿಯೇ ಆರಿಸಿಕೊಂಡೆ. ಅವರಿಗೆ ಹನ್ನೊಂದು ವಿಮರ್ಶೆಗಳಿದ್ದವು, ಹನ್ನೊಂದಕ್ಕೂ ಐದು ನಕ್ಷತ್ರ. ಬೇರೆ ಎರಡು ತಾಣಗಳಲ್ಲಿ 'ಲೆಟರ್‌ಪ್ರೆಸ್ ಕಾರ್ಡು ಎಲ್ಲಿ ಮಾಡಿಸಬಹುದು' ಎಂಬ ಪ್ರಶ್ನೆಯ ಕೆಳಗೆ ಅವರದೇ ಹೆಸರಿತ್ತು. ದೂರವಾಣಿಯಲ್ಲಿ ಮಾತನಾಡಿದವರು ವಿನಯವಂತರಾಗಿದ್ದರು, ಏನು ಕೇಳಿದರೂ 'ಆಗುತ್ತದೆ ಸರ್' ಎನ್ನುತ್ತಿದ್ದರು. ಅರ್ಧ ಹಣವನ್ನು ಮುಂಗಡವಾಗಿ ಕಳಿಸಿದೆ. ಹತ್ತಿ ಕಾಗದ, 600 ಜಿಎಸ್ಎಂ, ಡ್ಯೂಪ್ಲೆಕ್ಸ್ ಎಂದು ಆದೇಶದಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಮೂರು ವಾರಗಳ ನಂತರ ಪಾರ್ಸೆಲ್ ಬಂತು. ಒಳಗಿದ್ದದ್ದು ನುಣುಪಾದ ಆರ್ಟ್ ಕಾರ್ಡು. ಕುಂಕುಮದ ಬಣ್ಣ ಕಾಗದದ್ದಲ್ಲ, ಮೇಲೆ ಆಫ್‌ಸೆಟ್‌ನಲ್ಲಿ ಬಳಿದದ್ದು. ಕತ್ತರಿಸಿದ ಅಂಚಿನಲ್ಲಿ ಒಳಗಿನ ಬಿಳುಪು ಗೆರೆಯಾಗಿ ಕಾಣುತ್ತಿತ್ತು. ಚಿತ್ತಾರವನ್ನು ಅಚ್ಚಿನಿಂದ ಒತ್ತಿದ್ದರು, ಅದರ ಉಬ್ಬು ಇನ್ನೊಂದು ಬದಿಯ ದೂರವಾಣಿ ಸಂಖ್ಯೆಯನ್ನು ಅಡ್ಡಾದಿಡ್ಡಿ ಮಾಡಿತ್ತು. ಒತ್ತಿದ ಜಾಗದಲ್ಲಿ ಕಾಗದದ ಮೇಲಿನ ಲೇಪ ಬಿರುಕು ಬಿಟ್ಟಿತ್ತು. ಕೇಳಿದಾಗ ಬಂದ ಉತ್ತರ: "ಡ್ಯೂಪ್ಲೆಕ್ಸ್ ಅಂದರೆ ಎರಡೂ ಕಡೆ ಪ್ರಿಂಟ್ ತಾನೇ ಸರ್?" ಹತ್ತಿ ಕಾಗದದ ಬಗ್ಗೆ ಕೇಳಿದ ಮೇಲೆ ಉತ್ತರಗಳು ನಿಂತವು. ಮುಂಗಡ ಹಿಂದಿರುಗಿ ಬರಲಿಲ್ಲ.

ಆ ಹೆಣ್ಣುಮಗಳಿಗೆ ವಿಷಯ ತಿಳಿಸಿ, ತಡವಾದರೂ ಸರಿಯಾದ ಕಾರ್ಡು ಕೊಡುತ್ತೇನೆ ಎಂದು ಹೇಳಿದೆ. ನಷ್ಟ ನನ್ನದು, ಕೆಲಸ ಹೊರಗೆ ಕೊಟ್ಟವನು ಹೊಣೆಯನ್ನು ಹೊರಗೆ ಕೊಡಲು ಬರುವುದಿಲ್ಲ. ಅದಾದ ಮೇಲೆ ಒಂದು ಭಾನುವಾರ ಪೂರ್ತಿ ಕುಳಿತು, ನಾನು ಯಾವುದನ್ನು ನಂಬಿದೆನೋ ಆ ಹನ್ನೊಂದು ವಿಮರ್ಶೆಗಳನ್ನು ಕರಡಚ್ಚು ತಿದ್ದುವವನ ಹಾಗೆ ಒಂದೊಂದಾಗಿ ಓದಿದೆ.

ಮೊದಲ ಓದಿಗೆ ಕಾಣದ್ದು ಆಗ ಕಂಡಿತು. ಹನ್ನೊಂದರಲ್ಲಿ ಒಂಬತ್ತು ಒಂದೇ ವಾರದೊಳಗೆ ಬಂದಿದ್ದವು. ಐನೂರು ಕಾರ್ಡು ಒತ್ತಲು ದಿನಗಟ್ಟಲೆ ಹಿಡಿಯುವ ಕೆಲಸದಲ್ಲಿ ಒಂಬತ್ತು ಗಿರಾಕಿಗಳು ಒಂದೇ ವಾರದಲ್ಲಿ ಕಾರ್ಡು ಪಡೆದು, ಒಂದೇ ವಾರದಲ್ಲಿ ಮೆಚ್ಚಿ ಬರೆಯುವುದು ಹೇಗೆ? ಪ್ರತಿಯೊಂದರಲ್ಲೂ ಸಂಸ್ಥೆಯ ಪೂರ್ತಿ ಹೆಸರು ಮತ್ತು ಊರಿನ ಹೆಸರು ಬಂದಿತ್ತು. ನಾವು ಯಾರಿಗಾದರೂ ಹೋಟೆಲು ಹೇಳುವಾಗ 'ದಾವಣಗೆರೆಯ ಅತ್ಯುತ್ತಮ ಬೆಣ್ಣೆದೋಸೆ ಹೋಟೆಲಾದ ಇಂಥದ್ದು' ಎನ್ನುವುದಿಲ್ಲ. 'ಆ ಸರ್ಕಲ್ ಹತ್ತಿರ ಹೋಗು, ಬೆಳಿಗ್ಗೆ ಹೋದರೆ ಚೆನ್ನ, ಚಟ್ನಿ ಖಾರ' ಎನ್ನುತ್ತೇವೆ. ಪೂರ್ತಿ ಹೆಸರನ್ನು ಹಾಗೆ ಮತ್ತೆ ಮತ್ತೆ ಬರೆಯುವುದು ಹುಡುಕಾಟದಲ್ಲಿ ಮೇಲೆ ಬರುವುದಕ್ಕಾಗಿ. ಒಂದು ವಾಕ್ಯ ನನಗೆ ಬಹಳ ಹಿಡಿಸಿತ್ತು, ಹಲವರನ್ನು ಪ್ರಯತ್ನಿಸಿ ಬೇಸತ್ತು ಕೊನೆಗೆ ಇವರಲ್ಲಿ ನೆಮ್ಮದಿ ಕಂಡೆ ಎಂಬ ಅರ್ಥದ್ದು. ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿದಾಗ, ಅಕ್ಷರವೂ ಬದಲಾಗದೆ ಅದು ಒಂದು ನೆಲಹಾಸಿನ ಅಂಗಡಿಯ ಹೊಗಳಿಕೆಯಲ್ಲಿ ಸಿಕ್ಕಿತು. ಜಾಲತಾಣದ ಚಿತ್ರಗಳಲ್ಲಿದ್ದ ಚೆಂದದ ಕಾರ್ಡುಗಳನ್ನು ಚಿತ್ರ ಹುಡುಕಾಟಕ್ಕೆ ಕೊಟ್ಟೆ. ಅವು ಬೇರೆ ದೇಶದ ಮುದ್ರಕರ ಪುಟಗಳಲ್ಲಿ ಇನ್ನೂ ದೊಡ್ಡದಾಗಿ, ಹಳೆಯ ತಾರೀಖಿನಲ್ಲಿ ಇದ್ದವು.

ಆಮೇಲೆ ಅವರು ಕಳಿಸಿದ್ದ ದರಪಟ್ಟಿಯನ್ನು ತೆಗೆದು ನೋಡಿದೆ. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಅಂಕಿ ಮತ್ತು ಅಕ್ಷರಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು, ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಕರ್ನಾಟಕದ ಸಂಖ್ಯೆ 29ರಿಂದ ಶುರುವಾಗುತ್ತದೆ. ಬೆಂಗಳೂರಿನಲ್ಲಿ ನಮ್ಮದೇ ಯಂತ್ರಗಳಿವೆ ಎಂದು ಹೇಳಿದ್ದವರ ಸಂಖ್ಯೆ 09ರಿಂದ ಶುರುವಾಗಿತ್ತು, ಅದು ಉತ್ತರ ಪ್ರದೇಶದ್ದು. ಬೇರೆ ರಾಜ್ಯದಲ್ಲಿ ನೋಂದಣಿ ಇರುವುದು ಅಪರಾಧವಲ್ಲ. ಆದರೆ ಆ ಎರಡು ಅಂಕಿಗಳನ್ನು ಹಣ ಕಳಿಸುವ ಮೊದಲು ನೋಡಿದ್ದರೆ 'ನಿಮ್ಮ ಯಂತ್ರ ಯಾವ ಬೀದಿಯಲ್ಲಿದೆ, ಬಂದು ನೋಡಬಹುದೇ' ಎಂದು ಕೇಳುತ್ತಿದ್ದೆ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಯಾರು ಬೇಕಾದರೂ ಆ ಸಂಖ್ಯೆಯನ್ನು ಹಾಕಿ ವ್ಯವಹಾರದ ಹೆಸರನ್ನೂ ನೋಂದಣಿಯಾದ ದಿನವನ್ನೂ ನೋಡಬಹುದು; ದಿನಾ ಜಿಎಸ್‌ಟಿ ಬಿಲ್ ಪುಸ್ತಕ ಅಚ್ಚು ಹಾಕುವ ನಾನೇ ಅದನ್ನು ಮಾಡಿರಲಿಲ್ಲ.

ಹಾಗೆಂದು ಎಲ್ಲ ಹೊಗಳಿಕೆಯನ್ನೂ ಅನುಮಾನಿಸುವುದು ಸರಿಯಲ್ಲ. ಎಷ್ಟೋ ಒಳ್ಳೆಯ ಸಣ್ಣ ಮುದ್ರಕರಿಗೆ ವಿಮರ್ಶೆಗಳೇ ಇರುವುದಿಲ್ಲ, ಏಕೆಂದರೆ ಅವರ ಗಿರಾಕಿಗಳು ಬಾಯಿಮಾತಿನಿಂದ ಬಂದವರು. ಅಂಗಡಿ ಹಳೆಯದಾಗಿದ್ದರೂ ಮಗನೋ ಮಗಳೋ ಮೊನ್ನೆ ಮೊನ್ನೆ ಜಾಲತಾಣ ಮಾಡಿಕೊಟ್ಟಿರಬಹುದು. ಹೊಸ ತಾಣ ಎಂದ ಮಾತ್ರಕ್ಕೆ ಅದು ಮೋಸವಲ್ಲ. ಒಂದು ನಕ್ಷತ್ರದ ಬೈಗುಳವೂ ಪಕ್ಕದ ಅಂಗಡಿಯವರು ಬರೆಸಿದ್ದಾಗಿರಬಹುದು. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ತಂದಿದೆ. ವಿಮರ್ಶೆ ಬರೆಯುವವರು ನಿಜವಾದ ವ್ಯಕ್ತಿಯೇ ಎಂದು ಇಮೇಲ್, ದೂರವಾಣಿ ಮುಂತಾದ ದಾರಿಗಳಿಂದ ಖಚಿತಪಡಿಸಿಕೊಳ್ಳಬೇಕು ಎಂಬುದೂ ಅದರಲ್ಲಿದೆ. ಆದರೆ ಅದು ಸ್ವಇಚ್ಛೆಯಿಂದ ಪಾಲಿಸುವ ಮಾನಕವಾಗಿ ಬಂದದ್ದು. ಅಮೆರಿಕದಲ್ಲಿ ಸುಳ್ಳು ವಿಮರ್ಶೆಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ನಿಯಮಗಳು ಬರುವುದು ಒಳ್ಳೆಯದೇ, ಆದರೆ ಮುಂಗಡ ಕಳಿಸುವ ಹೊತ್ತಿಗೆ ನನ್ನ ಕೈಯಲ್ಲಿರುವುದು ನನ್ನ ತಿಳಿವಳಿಕೆ ಮಾತ್ರ.

ಆ ಭಾನುವಾರ ನನಗೆ ಹೊಳೆದ ಮುಖ್ಯ ಸಂಗತಿ ತಾರೀಖು, ಸಂಖ್ಯೆ, ಚಿತ್ರಗಳಿಗಿಂತ ಬೇರೆಯದು. ಆ ಹನ್ನೊಂದು ಜನರಲ್ಲಿ ಒಬ್ಬರೂ ಕಾಗದದ ತೂಕವನ್ನು ಹೇಳಿರಲಿಲ್ಲ. ಅಂಟಿನ ಮಾತೇ ಇರಲಿಲ್ಲ. ಅಂಚು ಹೇಗಿತ್ತು, ಕಾರ್ಡು ಬಾಗಿತೇ, ಮುಂದಿನ ಬದಿಗೂ ಹಿಂದಿನ ಬದಿಗೂ ಚೌಕಟ್ಟು ಹೊಂದಿತೇ ಎಂಬುದನ್ನು ಯಾರೂ ಎತ್ತಿರಲಿಲ್ಲ. 'ಉತ್ತಮ ಗುಣಮಟ್ಟ, ಸಕಾಲದಲ್ಲಿ ವಿತರಣೆ' ಎಂಬ ಮಾತು ನೆಲಹಾಸಿಗೂ ಸಲ್ಲುತ್ತದೆ, ಕಾರ್ಡಿಗೂ ಸಲ್ಲುತ್ತದೆ. ಅದಕ್ಕೇ ಆ ನೆಮ್ಮದಿಯ ವಾಕ್ಯವೂ ಎರಡೂ ಕಡೆ ಇತ್ತು. ಈ ಕೆಲಸವನ್ನು ಒಮ್ಮೆ ನಿಜವಾಗಿ ಮಾಡಿಸಿದವರ ಮಾತಿನಲ್ಲಿ ಈ ಕೆಲಸದ ಕಷ್ಟದ ಗುರುತು ಎಲ್ಲಾದರೂ ಒಂದು ಕಡೆ ಬಿದ್ದೇ ಇರುತ್ತದೆ, ಒತ್ತಿದ ಹಾಳೆಯ ಬೆನ್ನು ಉಬ್ಬುವ ಹಾಗೆ.

ಎರಡನೆಯ ಬಾರಿ ಹುಡುಕುವಾಗ ಆ ಗುರುತನ್ನೇ ಹುಡುಕಿದೆ. ಸಿಕ್ಕಿದ್ದು ಒಂದೇ ಒಂದು, ಅದೂ ಮೇಲುನೋಟಕ್ಕೆ ಬಹಳ ಅನುಮಾನ ಬರುವಂಥದ್ದು. ಬರೆದವರ ಖಾತೆಯಲ್ಲಿ ಅದನ್ನು ಬಿಟ್ಟರೆ ಬೇರೇನೂ ಇರಲಿಲ್ಲ, ಭಾಷೆ ತಪ್ಪುತಪ್ಪಾಗಿತ್ತು, ನಕ್ಷತ್ರ ನಾಲ್ಕು. ಆದರೆ ಅದರ ತಿರುಳು ಹೀಗಿತ್ತು: ಅಂಟು ಚೆನ್ನಾಗಿ ಹಿಡಿದಿದೆ, ಕಾರ್ಡು ಬಾಗಿಲ್ಲ, ಆದರೆ ಕಟಿಂಗ್‌ನಲ್ಲಿ ಮೊದಲ ಸಲ ಅಂಚು ಹರಿದಂತೆ ಬಂದು ಮತ್ತೆ ಮಾಡಿಕೊಟ್ಟರು, ಬ್ಲೇಡು ಬದಲಿಸಲು ಮೊದಲೇ ಹೇಳಿ. ಇದನ್ನು ದುಡ್ಡು ತೆಗೆದುಕೊಂಡು ಬರೆಯುವವರು ಬರೆಯಲಾರರು. ದಪ್ಪ ಹತ್ತಿ ಕಾಗದ ಮೃದುವಾದದ್ದು. ಬ್ಲೇಡಿನ ಹರಿತ ಸ್ವಲ್ಪ ಕಡಿಮೆಯಾದರೂ ಕಟಿಂಗ್ ಯಂತ್ರ ಕತ್ತರಿಸುವ ಬದಲು ನಾರನ್ನು ಎಳೆಯುತ್ತದೆ, ಅಟ್ಟಿಯ ಮೇಲಿನ ಕಾರ್ಡಿಗೂ ಕೆಳಗಿನ ಕಾರ್ಡಿಗೂ ಅಳತೆ ವ್ಯತ್ಯಾಸವಾಗುತ್ತದೆ. ಆ ಒಂದು ಸಾಲಿನಲ್ಲಿ ಕೈಯಿಂದ ಮುಟ್ಟಿದ ಅನುಭವವಿತ್ತು.

ಆ ಮುದ್ರಣಾಲಯ ಇದ್ದದ್ದು ಬೆಂಗಳೂರಿನ ಕಾಟನ್‌ಪೇಟೆಯ ಒಂದು ಒಳಬೀದಿಯಲ್ಲಿ. ಅಲ್ಲಿಗೂ, ಇನ್ನಿಬ್ಬರಿಗೂ ಕರೆ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಹಿಂಬದಿಯ ಹಾಳೆಗೆ ಯಾವ ಕಡೆಯ ಗೈಡ್ ಹಿಡಿಯುತ್ತೀರಿ?" ಈ ಪ್ರಶ್ನೆಗೆ ಒಂದು ಕಾರಣವಿದೆ. ಮುದ್ರಿಸುವಾಗ ಹಾಳೆಯ ಕೆಳ ಅಂಚನ್ನೂ ಒಂದು ಪಕ್ಕವನ್ನೂ ಗೈಡಿಗೆ ತಾಗಿಸಿ ನಿಲ್ಲಿಸುತ್ತಾರೆ. ಎರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಇಟ್ಟಾಗ ಒಂದರ ಎಡ ಇನ್ನೊಂದರ ಬಲಕ್ಕೆ ಬರುತ್ತದೆ. ಆದ್ದರಿಂದ ಮುಂಬದಿಯನ್ನು ಎಡದ ಗೈಡಿಗೆ ಒತ್ತಿದರೆ ಹಿಂಬದಿಯನ್ನು ಬಲದ ಗೈಡಿಗೆ ಒತ್ತಬೇಕು. ಇಲ್ಲವಾದರೆ ಹಾಳೆಗಳ ಅಳತೆಯಲ್ಲಿರುವ ಅರ್ಧ ಮಿಲಿಮೀಟರ್ ವ್ಯತ್ಯಾಸವೆಲ್ಲ ಕಾರ್ಡಿನ ಚೌಕಟ್ಟಿನಲ್ಲಿ ಎದ್ದು ಕಾಣುತ್ತದೆ. ಆ ಇನ್ನಿಬ್ಬರಲ್ಲಿ ಮೊದಲನೆಯವರು 'ಎರಡೂ ಕಡೆ ಆಗುತ್ತದೆ ಸರ್' ಎಂದರು. ಎರಡನೆಯವರು ಡಿಸೈನ್ ಕಳಿಸಿ, ನೋಡುತ್ತೇವೆ ಎಂದರು. ಕಾಟನ್‌ಪೇಟೆಯ ಹಿರಿಯರು ಉತ್ತರ ಹೇಳದೆ ನನ್ನನ್ನೇ ಕೇಳತೊಡಗಿದರು: ಎರಡೂ ಕಾಗದ ಒಂದೇ ಗಿರಣಿಯದೇ, ನಾರಿನ ದಿಕ್ಕು ಒಂದೇ ಇದೆಯೇ, ಅಕ್ಷರದ ಅತಿ ತೆಳುವಾದ ಗೆರೆ ಎಷ್ಟು, ಕನ್ನಡವೋ ಇಂಗ್ಲಿಷೋ. ಕನ್ನಡ ಎಂದಾಗ, "ಹಾಗಾದರೆ ಒತ್ತಕ್ಷರ ನೋಡದೆ ನಾನು ರೇಟ್ ಹೇಳಲ್ಲ" ಎಂದರು. ಅಷ್ಟು ಕೇಳಿದ ಮೇಲೆ ಮರುದಿನವೇ ಬೆಂಗಳೂರಿಗೆ ಹೊರಟೆ.

ಅವರ ಮಾತು ಎಷ್ಟು ಸರಿ ಎಂಬುದು ಫಿಲ್ಮ್ ತೆಗೆದಾಗ ಗೊತ್ತಾಯಿತು. 'ಮೊಳಕಾಲ್ಮೂರು' ಎಂಬಲ್ಲಿ ಲಕಾರದ ಕೆಳಗಿನ ಮಕಾರದ ಒತ್ತು, 'ರೇಷ್ಮೆ' ಎಂಬಲ್ಲಿ ಷಕಾರದ ಕೆಳಗಿನದು, ಎರಡೂ ನಾನು ಆರಿಸಿದ್ದ ಗಾತ್ರದಲ್ಲಿ ಕೂದಲೆಳೆಯಷ್ಟಾಗಿದ್ದವು. ಕಾಲು ಪಾಯಿಂಟಿಗಿಂತ (ಒಂದು ಪಾಯಿಂಟ್ ಎಂದರೆ ಅಂಗುಲದ ಎಪ್ಪತ್ತೆರಡನೆಯ ಒಂದು ಭಾಗ) ತೆಳುವಾದ ಗೆರೆ ಪಾಲಿಮರ್ ಫಲಕದ ಮೇಲೆ ನಿಲ್ಲುವುದು ಕಷ್ಟ. ತೊಳೆಯುವಾಗಲೇ ಎದ್ದು ಹೋಗಬಹುದು, ಇಲ್ಲವೇ ಒತ್ತುವಾಗ ಬಾಗಬಹುದು. ಅಕ್ಷರದ ಒಳಗಿನ ಸಣ್ಣ ಸುತ್ತುಗಳಲ್ಲಿ ಇದಕ್ಕೆ ತದ್ವಿರುದ್ಧ: ಆಳಕ್ಕೆ ಒತ್ತಿದಾಗ ಶಾಯಿ ಅಂಚಿಗೆ ಸರಿದು ಸುತ್ತು ಮುಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ಚೆಂದ ಕಾಣುವ ಕನ್ನಡ ಅಕ್ಷರಶೈಲಿಗಳೆಲ್ಲ ಒತ್ತಲು ಬರುವುದಿಲ್ಲ. ಶೈಲಿಯನ್ನು ಬದಲಿಸಿ, ಗಾತ್ರವನ್ನು ಒಂದೂವರೆ ಪಾಯಿಂಟ್ ಹೆಚ್ಚಿಸಿ, ಒತ್ತಕ್ಷರಗಳಿಗೆ ಸ್ವಲ್ಪ ಮೈ ಕೊಟ್ಟ ಮೇಲೆ ಅವರು ಒಪ್ಪಿದರು.

ಕಾಗದದ ವಿಷಯದಲ್ಲಿ ನನಗೊಂದು ಆಸೆ ಇತ್ತು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಹತ್ತಿ ಗಿರಣಿಗಳ ಊರಿನಿಂದ ಹೋಗುವ ಕಾರ್ಡು ನಮ್ಮ ಕಡೆಯ ಹತ್ತಿಯ ಕಾಗದದ ಮೇಲೆಯೇ ಬರಲಿ ಎಂಬುದು. ಹುಬ್ಬಳ್ಳಿಯ ಬಳಿಯ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರುಗಳಿಂದ ಕೈಯಲ್ಲಿ ಕಾಗದ ಮಾಡುತ್ತಾರೆ. ಆದರೆ ಕೈಕಾಗದದ ಅಂಚು ನೇರವಾಗಿರುವುದಿಲ್ಲ, ದಪ್ಪವೂ ಹಾಳೆಯಿಂದ ಹಾಳೆಗೆ ಬದಲಾಗುತ್ತದೆ. ಗೈಡಿಗೆ ತಾಗಿಸಿ ಐನೂರು ಬಾರಿ ಒಂದೇ ಆಳ ಬೇಕೆನ್ನುವ ಈ ಕೆಲಸಕ್ಕೆ ಅದು ಹೊಂದದು ಎಂದು ಹಿರಿಯರು ವಿವರಿಸಿದರು. ಯಂತ್ರದಲ್ಲಿ ತಯಾರಾದ ಹತ್ತಿ ಕಾಗದವನ್ನೇ ತೆಗೆದುಕೊಂಡೆವು. ಹತ್ತಿಯ ನಾರು ಉದ್ದ ಮತ್ತು ಮೆತ್ತಗಿರುವುದರಿಂದ ಒತ್ತಿದಲ್ಲಿ ಬಿರುಕು ಬಿಡದೆ ತಗ್ಗುತ್ತದೆ. ಆರ್ಟ್ ಕಾರ್ಡಿನ ಮೇಲಿನ ಜೇಡಿಮಣ್ಣಿನ ಲೇಪಕ್ಕೆ ಆ ಗುಣವಿಲ್ಲ, ನನ್ನ ಮೊದಲ ಕಾರ್ಡುಗಳು ಬಿರುಕು ಬಿಟ್ಟದ್ದು ಅದಕ್ಕೇ.

ಅವರ ಹೈಡಲ್‌ಬರ್ಗ್ ಪ್ಲಾಟೆನ್ ಯಂತ್ರ ಕೆಲಸ ಮಾಡುವುದನ್ನು ಎರಡು ಗಂಟೆ ನಿಂತು ನೋಡಿದೆ. ಗಾಳಿಗಿರಣಿಯ ರೆಕ್ಕೆಗಳಂತೆ ತಿರುಗುವ ಎರಡು ಕೈಗಳಲ್ಲಿ ಒಂದು ಹೊಸ ಹಾಳೆಯನ್ನು ಎತ್ತಿ ಒಳಗಿಡುವಷ್ಟರಲ್ಲಿ ಇನ್ನೊಂದು ಒತ್ತಿದ ಹಾಳೆಯನ್ನು ಹೊರಗಿಡುತ್ತದೆ. ಕುಂಕುಮದ ಹಾಳೆಗೆ ಶಾಯಿಯ ರೋಲರುಗಳನ್ನೇ ತೆಗೆದಿಟ್ಟು ಒತ್ತಿದರು. ಸೀರೆಯ ಅಂಚಿನ ಚಿತ್ತಾರ ಬಣ್ಣವಿಲ್ಲದೆ, ನೆರಳಿನಲ್ಲಿ ಮಾತ್ರ ಕಾಣುವಂತೆ, ಕಾಗದದಲ್ಲಿ ಇಳಿಯುತ್ತಾ ಹೋಯಿತು. ದೂರದಿಂದ ನೋಡಿದರೆ ಬರೀ ಕೆಂಪು ಹಾಳೆ. ಕಿಟಕಿಯ ಕಡೆಗೆ ಓರೆ ಹಿಡಿದರೆ ಚಿತ್ತಾರ ಎದ್ದು ಬರುತ್ತಿತ್ತು.

ಅಂಟಿಸುವುದೇ ಹೆಚ್ಚು ನಾಜೂಕಿನ ಕೆಲಸ. ನೀರಿರುವ ಅಂಟು ಕಾಗದವನ್ನು ಹಿಗ್ಗಿಸುತ್ತದೆ. ಎರಡು ಹಾಳೆಗಳ ನಾರು ಬೇರೆ ಬೇರೆ ದಿಕ್ಕಿಗಿದ್ದರೆ ಒಣಗುವಾಗ ಒಂದು ಇನ್ನೊಂದನ್ನು ಎಳೆದು ಕಾರ್ಡು ದೋಣಿಯಂತಾಗುತ್ತದೆ. ಒಣಗುವ ತನಕ ಭಾರ ಹೇರಬೇಕು, ಆದರೆ ಭಾರ ಹೆಚ್ಚಾದರೆ ಕಷ್ಟಪಟ್ಟು ಇಳಿಸಿದ ಒತ್ತು ಚಪ್ಪಟೆಯಾಗುತ್ತದೆ. ಅವರು ಹಾಳೆಗಳ ನಡುವೆ ಮೆತ್ತನೆಯ ಬ್ಲಾಟಿಂಗ್ ಕಾಗದವನ್ನಿಟ್ಟು ಮೇಲೊಂದು ಹಲಗೆ ಹಾಕಿ ಎರಡು ದಿನ ಬಿಟ್ಟರು. ಅಂಟಿಸಿದ ಮೇಲೆಯೇ ಕತ್ತರಿಸಬೇಕು, ಮೊದಲು ಕತ್ತರಿಸಿ ಆಮೇಲೆ ಅಂಟಿಸಿದರೆ ಅಂಚು ಎಂದಿಗೂ ಸಮವಾಗದು. ಕತ್ತರಿಸುವ ಮುನ್ನ ಬ್ಲೇಡಿನ ಮಾತು ನೆನಪಿಸಿದೆ. ಹರಿತ ಮಾಡಿಸಿದ್ದೇವೆ ಎಂದರು. ಆದರೂ ಕೊನೆಯ ಅಟ್ಟಿಯಲ್ಲಿ ಹದಿನಾಲ್ಕು ಕಾರ್ಡುಗಳ ಅಂಚಿನಲ್ಲಿ ನಾರು ಎದ್ದಿತು. ಹೆಚ್ಚುವರಿಯಾಗಿ ಮೂವತ್ತು ಒತ್ತಿದ್ದರಿಂದ ಐನೂರಕ್ಕೆ ಕೊರತೆಯಾಗಲಿಲ್ಲ. ಎಲ್ಲ ಸೇರಿ ಹೇಳಿದ್ದಕ್ಕಿಂತ ನಾಲ್ಕು ದಿನ ತಡವಾಯಿತು.

ಡಬ್ಬಿಯನ್ನು ತೆರೆದಾಗ ಆ ಹೆಣ್ಣುಮಗಳು ಮೊದಲು ಓದಲಿಲ್ಲ, ಹೆಬ್ಬೆರಳಿನಿಂದ ಚಿತ್ತಾರವನ್ನು ಸವರಿದರು; ಸೀರೆಯ ಅಂಚನ್ನು ನೋಡುವಾಗ ನೇಕಾರರ ಮನೆಯವರು ಸವರುವ ಹಾಗೆಯೇ. ಆಮೇಲೆ ಕಾರ್ಡನ್ನು ಓರೆ ಹಿಡಿದು ಅಂಚಿನ ಎರಡು ಬಣ್ಣಗಳನ್ನು ನೋಡಿ, "ಎಲ್ಲಿ ಅಂಟಿಸಿದಾರೆ ಅಂತಾನೇ ಗೊತ್ತಾಗಲ್ಲಲ್ಲಣ್ಣಾ" ಎಂದರು. ದುರ್ಗದ ಬಿಸಿಲಿನಲ್ಲಿ ಇಡೀ ಬೇಸಿಗೆ ಅಂಗಡಿಯ ಮೇಜಿನ ಮೇಲಿದ್ದರೂ ಆ ಕಾರ್ಡುಗಳು ಬಾಗಿಲ್ಲ ಎಂದು ಮೊನ್ನೆ ತಿಳಿಸಿದರು.

ಕಾಟನ್‌ಪೇಟೆಯ ಮುದ್ರಣಾಲಯಕ್ಕೆ ನಾನೂ ಒಂದು ಶಿಫಾರಸು ಬರೆದೆ. ಕಾಗದ 300 ಮತ್ತು 300 ಜಿಎಸ್ಎಂ ಹತ್ತಿಯದು, ನಾರಿನ ದಿಕ್ಕನ್ನು ಅವರೇ ಕೇಳಿ ನೋಡಿಕೊಂಡರು, ಕನ್ನಡದ ಒತ್ತಕ್ಷರಗಳು ತುಂಬಿಕೊಳ್ಳದೆ ಬಂದಿವೆ, ಎರಡೂ ಬದಿಯ ಚೌಕಟ್ಟು ಹೊಂದಿದೆ ಎಂದು ಬರೆದು, ಕೊನೆಯ ಅಟ್ಟಿಯಲ್ಲಿ ಹದಿನಾಲ್ಕು ಕಾರ್ಡುಗಳ ಅಂಚು ಕೆಟ್ಟದ್ದನ್ನೂ ನಾಲ್ಕು ದಿನ ತಡವಾದದ್ದನ್ನೂ ಸೇರಿಸಿದೆ. ಸೇರಿಸುವ ಮುನ್ನ ಬಹಳ ಯೋಚಿಸಿದೆ, ಏಕೆಂದರೆ ಅವರ ಮನಸ್ಸು ನೋಯಿಸುವುದು ನನಗೆ ಬೇಕಿರಲಿಲ್ಲ. ಒಂದು ವಾರದ ನಂತರ ಆ ಹಿರಿಯರ ಕರೆ ಬಂತು. ಆ ಸಾಲನ್ನು ತೆಗೆಯಲು ಹೇಳುತ್ತಾರೇನೋ ಎಂದುಕೊಂಡೆ. ಅವರು ಅದರ ಮಾತೇ ಎತ್ತದೆ, ಬ್ಲೇಡನ್ನು ಸಾಣೆಗೆ ಕೊಡುವುದು ಬಿಟ್ಟು ಹೊಸದನ್ನೇ ತರಿಸಿದ್ದೇವೆ, ಮುಂದಿನ ಸಲ ದಾವಣಗೆರೆಯಿಂದ ಕೆಲಸ ಬಂದರೆ ಹೆಚ್ಚುವರಿ ಮೂವತ್ತು ಒತ್ತಬೇಕಾಗಿಲ್ಲ, ಹತ್ತು ಸಾಕು ಎಂದರು.